ಚಾರ್ಮಾಡಿ ಏರಿನ ಪಾಠ: ರೋಟರಿ ಎಂಜಿನ್, ರೇಡಿಯೇಟರು ಮತ್ತು ಪ್ರೊಪೆಲರು

ಬೇಸಗೆಯ ಮಧ್ಯಾಹ್ನ. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುವ ಒಂದು ಹಳೆಯ ಜೀಪು. ಒಳಗೆ ಹತ್ತು ಜನ, ಮೇಲೆ ಎರಡು ಮೂಟೆ. ಡ್ರೈವರ್ ಸೆಕೆಂಡ್ ಗೇರು ಬಿಡುವ ಧೈರ್ಯ ಮಾಡುವುದಿಲ್ಲ. ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಚಕ್ರ ಮಾತ್ರ ಸೈಕಲಿನ ವೇಗದಲ್ಲಿ ಉರುಳುತ್ತದೆ. ಯಾವುದೋ ಹಿಮ್ಮುರಿ ತಿರುವಿನಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತದೆ. ಬಂಡೆಯಿಂದ ನೀರು ಜಿನುಗುವ ಜಾಗ ನೋಡಿ ನಿಲ್ಲಿಸಿ, ಒದ್ದೆ ಗೋಣಿ ಹಾಕಿ ರೇಡಿಯೇಟರಿನ ಮುಚ್ಚಳ ತಿರುಗಿಸುವ ಆ ದೃಶ್ಯವನ್ನು ಬೆಳ್ತಂಗಡಿ ಕಡೆಯವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಅದೇ ಜೀಪು ಬಿ.ಸಿ. ರೋಡಿನಿಂದ ಮಂಗಳೂರಿನ ಕಡೆಗೆ ಗಂಟೆಗೆ 70 ಕಿಲೋಮೀಟರಿನಲ್ಲಿ ಓಡುವಾಗ ಟೆಂಪರೇಚರ್ ಮುಳ್ಳು ಅಲುಗುವುದೂ ಇಲ್ಲ.

ಎಂಜಿನ್ ಕಾಯುವುದು ವೇಗದಿಂದಲ್ಲ. ಹೊರೆ ಜಾಸ್ತಿ, ಗಾಳಿ ಕಡಿಮೆ: ಈ ಎರಡು ಒಟ್ಟಿಗೆ ಬಂದಾಗ ಕಾಯುತ್ತದೆ. ನೆಲ ಬಿಟ್ಟ ಸಣ್ಣ ವಿಮಾನದ ಮೊದಲ ಐದು ನಿಮಿಷ ಎಂದರೆ ಥೇಟ್ ಇದೇ ಘಾಟಿ. ಥ್ರಾಟಲ್ ಪೂರ್ತಿ ತೆರೆದಿರುತ್ತದೆ, ಮೂತಿ ಮೇಲೆತ್ತಿರುತ್ತದೆ, ವೇಗ ಮಾತ್ರ ಹಾರಾಟದ ಇಡೀ ಅವಧಿಯಲ್ಲೇ ಅತಿ ಕಡಿಮೆ. ವ್ಯತ್ಯಾಸ ಒಂದೇ. ಆಕಾಶದಲ್ಲಿ ನೀರು ಜಿನುಗುವ ಬಂಡೆ ಇಲ್ಲ, ನಿಲ್ಲಿಸಲು ತಿರುವೂ ಇಲ್ಲ.

ಮನೆಯಲ್ಲೇ ವಿಮಾನ ಕಟ್ಟುವವರು, ಅದರಲ್ಲೂ ರೋಟರಿ ಎಂಜಿನ್ ಕೂರಿಸುವವರು, ಹೆಚ್ಚಾಗಿ ಎಡವುವುದು ಎಂಜಿನ್ನಿನಲ್ಲಿ ಅಲ್ಲ, ಗಾಳಿಯಲ್ಲಿ. ಬಿಸಿಯನ್ನು ಹೊತ್ತೊಯ್ಯುವ ಗಾಳಿ ಒಂದು, ಪ್ರೊಪೆಲರು ಹಿಂದಕ್ಕೆ ತಳ್ಳುವ ಗಾಳಿ ಇನ್ನೊಂದು. ಈ ಎರಡನ್ನೂ ಬೇರೆ ಬೇರೆ ಲೆಕ್ಕವೆಂದು ಭಾವಿಸಿ, ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವವರೇ ಬಹಳ. ಇಂದಿನ ಉಪನ್ಯಾಸದ ವಾದ ಇಷ್ಟು: ಅವೆರಡೂ ಒಂದೇ ಲೆಕ್ಕ, ಬಿಡಿಸಬೇಕಾದದ್ದು ಏರಿನಲ್ಲಿ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕೇಳುಗರಿಗೆ ವಿಮಾನದ ಎಂಜಿನ್ನಿನ ಕಥೆ ಏಕೆ ಎಂದು ಯಾರಾದರೂ ಕೇಳಿದರೆ ಉತ್ತರ ಸಜೀಪಮೂಡದಲ್ಲಿದೆ. ಬಂಟ್ವಾಳ ತಾಲೂಕಿನ ಆ ಊರಿನ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕು ಕಟ್ಟಿ 2019ರಲ್ಲಿ ದೇಶದ ಸುದ್ದಿಯಾದರು. ಕೂರಲು ಸೀಟು, ಹಿಡಿಯಲು ಹ್ಯಾಂಡಲು, ಕೆಳಗೊಂದು ಪುಟ್ಟ ಪೆಟ್ರೋಲ್ ಎಂಜಿನ್. ಮರವನ್ನು ತಬ್ಬಿಕೊಂಡು ನೇರ ಮೇಲಕ್ಕೆ. ಕೊನೆ ಕೊಯ್ಯುವವರು ಸಿಗದ, ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುವವರು ಸಿಗದ ಕಷ್ಟ ಅದನ್ನು ಕಟ್ಟಿಸಿತು. ಮನುಷ್ಯನನ್ನು ಹೊತ್ತು ಗುರುತ್ವದ ವಿರುದ್ಧ ಏರುವ, ಮನೆಯಲ್ಲೇ ಹುಟ್ಟಿದ ಯಂತ್ರ ಅದು. ವಿಮಾನವಲ್ಲ, ನಿಜ. ಆದರೆ ಅದರ ಎಂಜಿನ್ನಿಗೂ ಇರುವುದು ಘಾಟಿಯ ಕಷ್ಟವೇ: ಪೂರ್ತಿ ಹೊರೆ, ಎದುರುಗಾಳಿ ಸೊನ್ನೆ.

ಇತ್ತ ಮೂಡುಬಿದಿರೆ ಸಮೀಪದ ಬಡಗಮಿಜಾರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಏರೋನಾಟಿಕಲ್ ವಿಭಾಗವೇ ಇದೆ. ಬಜಪೆಯಲ್ಲಿ ವಿಮಾನ ಇಳಿಯತೊಡಗಿದ್ದು 1951ರಲ್ಲಿ. ಅಂದರೆ ಗಾಳಿಯ ಪಾಠ ಈ ಸೀಮೆಗೆ ಹೊಸದಲ್ಲ.

ಮುಂದೆ ಹೋಗುವ ಮೊದಲು ಒಂದು ಹೆಸರಿನ ಗೊಂದಲ ಬಿಡಿಸಬೇಕು. ರೋಟರಿ ಎಂಬ ಹೆಸರಿನ ಎಂಜಿನ್‌ಗಳು ಎರಡು ಜಾತಿ.

ಮೊದಲನೆಯದು ಮೊದಲ ಮಹಾಯುದ್ಧದ ಕಾಲದ್ದು. ಫ್ರಾನ್ಸಿನ ಸೆಗ್ಯಾಂ ಸಹೋದರರ ‘ನೋಮ್’ ಎಂಜಿನ್ನಿನಲ್ಲಿ ನಡುವಿನ ಶಾಫ್ಟು ವಿಮಾನಕ್ಕೆ ಕಚ್ಚಿಕೊಂಡು ನಿಂತಿರುತ್ತಿತ್ತು. ಏಳು ಸಿಲಿಂಡರುಗಳೂ ಪ್ರೊಪೆಲರಿನ ಜೊತೆಗೇ ಗರಗರ ತಿರುಗುತ್ತಿದ್ದವು. ಹುಚ್ಚುತನದಂತೆ ಕಂಡರೂ ಉದ್ದೇಶ ತಂಪು. ವಿಮಾನ ನಿಂತಿರಲಿ, ನಿಧಾನವಾಗಿ ಏರುತ್ತಿರಲಿ, ಸಿಲಿಂಡರು ತಾನೇ ತಿರುಗಿ ತನ್ನ ಗಾಳಿ ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ರೇಡಿಯೇಟರಿಲ್ಲ, ನೀರಿಲ್ಲ, ಪೈಪಿಲ್ಲ. ನಿಮಿಷಕ್ಕೆ ಸಾವಿರದ ಇನ್ನೂರರ ಆಸುಪಾಸಿನ ಸುತ್ತಿನಲ್ಲಿ ದೊಡ್ಡ ಮರದ ಪ್ರೊಪೆಲರನ್ನು ಗೇರಿನ ಹಂಗಿಲ್ಲದೆ ನೇರವಾಗಿ ತಿರುಗಿಸುತ್ತಿತ್ತು. ಇಂದಿನ ನಮ್ಮ ಎರಡೂ ಪ್ರಶ್ನೆಗಳಿಗೆ ಒಂದೇ ಏಟಿನಲ್ಲಿ ಉತ್ತರ!

ಬೆಲೆ ತೆತ್ತದ್ದು ಬೇರೆ ಕಡೆ. ಪೆಟ್ರೋಲಿನಲ್ಲಿ ಕರಗದ ಎಣ್ಣೆ ಬೇಕೆಂದು ಹರಳೆಣ್ಣೆ ಹಾಕುತ್ತಿದ್ದರು. ಅದು ಒಮ್ಮೆ ಒಳಹೋದರೆ ಉರಿದು ಹೊರಗೇ. ಪೈಲಟ್ ಅದರ ಹೊಗೆ ಕುಡಿದೇ ಹಾರಬೇಕು. ಹರಳೆಣ್ಣೆ ಹೊಟ್ಟೆಗೆ ಏನು ಮಾಡುತ್ತದೆಂದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು, ಆ ಪೈಲಟ್‌ಗಳಿಗೂ ಗೊತ್ತಾಯಿತು. 1917ರಲ್ಲಿ 28ನೇ ಸ್ಕ್ವಾಡ್ರನ್ನಿನಲ್ಲಿ ರೋಟರಿ ಎಂಜಿನ್ನಿನ ಸಾಪ್‌ವಿತ್ ಕ್ಯಾಮೆಲ್ ಹಾರಿಸಿದ ಹರ್ದಿತ್ ಸಿಂಗ್ ಮಲಿಕ್ ಆ ಎಣ್ಣೆಯ ವಾಸನೆ ಕಂಡ ಭಾರತೀಯ. ತಿರುಗುವ ಅಷ್ಟು ದೊಡ್ಡ ತೂಕ ಬುಗುರಿಯಂತೆ ವರ್ತಿಸಿ ಕ್ಯಾಮೆಲನ್ನು ಒಂದು ಪಕ್ಕಕ್ಕೆ ಸೆಳೆಯುತ್ತಿತ್ತು. ಸುತ್ತು ಹೆಚ್ಚಿಸಿ ಶಕ್ತಿ ಹೆಚ್ಚಿಸೋಣವೆಂದರೆ ಸಿಲಿಂಡರುಗಳೇ ಗಾಳಿ ಕಡೆಯುವುದರಲ್ಲಿ ಶಕ್ತಿ ಕಳೆಯುತ್ತಿದ್ದವು. ಯುದ್ಧ ಮುಗಿಯುವ ಹೊತ್ತಿಗೆ ಆ ಜಾತಿಯೂ ಮುಗಿಯಿತು.

ಎರಡನೆಯ ಜಾತಿ ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರದು. ಎನ್‌ಎಸ್‌ಯು ಕಂಪನಿಯಲ್ಲಿ 1957ರ ಫೆಬ್ರವರಿ 1ರಂದು ಮೊದಲು ಓಡಿದ್ದು. ಇದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ನಡುವಿನಲ್ಲಿ ತುಸು ಸೊಂಟ ಸಣ್ಣಗಾದ ಅಂಡಾಕಾರದ ಕೋಣೆ, ಒಳಗೆ ಉಬ್ಬಿದ ಮೂರು ಮೂಲೆಯ ರೋಟರು. ದಕ್ಷಿಣ ಕನ್ನಡದ ಮನೆಗಳಲ್ಲಿ ಕಡೆಯುವ ಕಲ್ಲು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ: ಗುಂಡು ತನ್ನ ಸುತ್ತ ತಾನೂ ಸುತ್ತುತ್ತದೆ, ಕುಳಿಯ ಗೋಡೆ ಸವರಿಕೊಂಡು ವಾರೆಯಾಗಿಯೂ ಸುತ್ತುತ್ತದೆ. ರೋಟರು ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ಮೂರು ಸುತ್ತು ಬರುತ್ತದೆ. ಜಪಾನಿನ ಮಜ್ದಾ ಕಂಪನಿ ಇದನ್ನು ಪಳಗಿಸಿ 1967ರಲ್ಲಿ ಕಾಸ್ಮೊ ಕಾರಿಗೆ, ಮುಂದೆ ಆರ್‌ಎಕ್ಸ್-7 ಕಾರಿಗೆ ಹಾಕಿತು. ಎರಡು ರೋಟರಿನ ‘13ಬಿ’ ಎಂಬ 1308 ಸಿಸಿಯ ಎಂಜಿನ್, ಹಳೆಯ ಕಾರುಗಳಿಂದ ಕಳಚಿಕೊಂಡು, ಅಮೆರಿಕದ ಮನೆ ಶೆಡ್ಡುಗಳಲ್ಲಿ ಹುಟ್ಟಿದ ವಿಮಾನಗಳ ಮೂತಿಗೆ ಬಂದು ಕೂತಿತು. ಚಿಕ್ಕ ಗಾತ್ರ, ಕಡಿಮೆ ನಡುಕ, ಒಡೆದು ಹಾರಿಹೋಗುವ ಬಿಡಿಭಾಗಗಳ ಸಂಖ್ಯೆಯೂ ಕಡಿಮೆ: ಆಕರ್ಷಣೆ ಸುಲಭವಾಗಿ ಅರ್ಥವಾಗುವಂಥದ್ದೇ.

ಕರ್ನಾಟಕದಲ್ಲಿ ವಾಂಕೆಲ್ ಎಂಜಿನ್ ಹಾರಿದ್ದು ಕೋಲಾರದಲ್ಲಿ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್‌ಎಎಲ್, ರಕ್ಷಣಾ ಸಂಶೋಧನಾ ಸಂಸ್ಥೆಗಳಾದ ಅಹ್ಮದ್‌ನಗರದ ವಿಆರ್‌ಡಿಇ ಮತ್ತು ಬೆಂಗಳೂರಿನದೇ ಎಡಿಇ ಕೂಡಿ 55 ಅಶ್ವಶಕ್ತಿಯ ಒಂಟಿ ರೋಟರಿನ ಎಂಜಿನ್ ಕಟ್ಟಿದವು. ತೂಕ ಸುಮಾರು 30 ಕಿಲೋ. 2009ರ ಮಾರ್ಚ್ 29ರಂದು ಅದು ‘ನಿಶಾಂತ್’ ಎಂಬ ಪೈಲಟ್‌ರಹಿತ ವಿಮಾನವನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು ಹಾರಿಸಿತು. ಮೂಲ ಎಂಜಿನ್ನಿನ ವಿನ್ಯಾಸ ಎನ್‌ಎಎಲ್‌ನದು. ಅದರಲ್ಲಿ ಕಷ್ಟದ ಕೆಲಸ, ಅಲ್ಯೂಮಿನಿಯಂ ಕೋಣೆಯ ಒಳಗೋಡೆಗೆ ನಿಕ್ಕೆಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಲೇಪನ ಕೊಡುವುದು. ರೋಟರಿನ ಮೂರು ಮೂಲೆಯ ಸೀಲುಗಳು ಸದಾ ಆ ಗೋಡೆಯನ್ನು ಉಜ್ಜುತ್ತಲೇ ಇರುತ್ತವೆ. ಬರಿ ಅಲ್ಯೂಮಿನಿಯಂ ಆದರೆ ಒಂದೇ ದಿನಕ್ಕೆ ಗೀರು ಬೀಳುತ್ತದೆ.

ನಿಶಾಂತ್‌ಗೆ ರನ್‌ವೇ ಇರಲಿಲ್ಲ. ಟ್ರಕ್ಕಿನ ಮೇಲಿನ ಹಳಿಯಿಂದ ಅದನ್ನು ಕವಣೆಯಂತೆ ಚಿಮ್ಮಿಸುತ್ತಿದ್ದರು, ಇಳಿಯುತ್ತಿದ್ದದ್ದು ಪ್ಯಾರಾಚೂಟಿನಲ್ಲಿ. ಚಿಮ್ಮಿಸುವ ಮೊದಲು ಎಂಜಿನ್ ನಿಂತಲ್ಲೇ ಪೂರ್ತಿ ಶಕ್ತಿಯಲ್ಲಿ ಓಡಬೇಕಿತ್ತು. ಪ್ರೊಪೆಲರು ಹಿಂಭಾಗದಲ್ಲಿತ್ತು; ಎಂಜಿನ್ನಿನ ಮೇಲೆ ಗಾಳಿ ಊದುತ್ತಿರಲಿಲ್ಲ, ಎಳೆಯುತ್ತಿತ್ತಷ್ಟೇ. ಘಾಟಿಯನ್ನೂ ಮೀರಿಸಿದ ಘಾಟಿ. ಆ ಎಂಜಿನ್ ಕಟ್ಟಿದವರ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದು ಸಾಲದು ಎಂಬುದು ಈ ಉಪನ್ಯಾಸಕಾರನ ಅಭಿಪ್ರಾಯ.

ಈಗ ಬಿಸಿಯ ವಿಚಾರ. ಪಿಸ್ಟನ್ ಎಂಜಿನ್ನಿನಲ್ಲಿ ಹೀರುವುದು, ಒತ್ತುವುದು, ಉರಿಯುವುದು, ಉಗುಳುವುದು ನಾಲ್ಕೂ ಒಂದೇ ಜಾಗದಲ್ಲಿ ಸರದಿಯಂತೆ ನಡೆಯುತ್ತವೆ. ಉರಿದ ಗೋಡೆಗೆ ಮರುಕ್ಷಣ ತಣ್ಣನೆಯ ಹೊಸ ಗಾಳಿ ತಾಗುತ್ತದೆ. ವಾಂಕೆಲ್‌ನಲ್ಲಿ ಹಾಗಲ್ಲ. ಸ್ಪಾರ್ಕ್ ಪ್ಲಗ್ಗಿನ ಮಗ್ಗುಲಿಗೆ ಸದಾ ಉರಿ, ಎದುರು ಮಗ್ಗುಲಿಗೆ ಸದಾ ತಂಪು. ಮಗುಚದೆ ಒಂದೇ ಮಗ್ಗುಲಲ್ಲಿ ಬೇಯುವ ನೀರುದೋಸೆ ಎನ್ನಬಹುದು. ಇದರ ಮೇಲೆ 13ಬಿ ಎಂಜಿನ್ ಕಬ್ಬಿಣದ ಪಟ್ಟಿ, ಅಲ್ಯೂಮಿನಿಯಂ ಪಟ್ಟಿ, ಮತ್ತೆ ಕಬ್ಬಿಣ ಎಂದು ಪದರ ಪದರವಾಗಿ ಜೋಡಿಸಿ ಉದ್ದನೆಯ ಬೋಲ್ಟುಗಳಲ್ಲಿ ಬಿಗಿದದ್ದು. ಎರಡು ಲೋಹಗಳು ಹಿಗ್ಗುವ ಪ್ರಮಾಣ ಬೇರೆ. ಅತಿಯಾಗಿ ಕಾಯಿಸಿದರೆ ಪದರಗಳ ನಡುವಿನ ರಬ್ಬರು ಉಂಗುರ ಸುಟ್ಟು ನೀರು ಉರಿಯುವ ಕೋಣೆಗೆ ಇಳಿಯುತ್ತದೆ. ಆದರೂ ಕನೆಕ್ಟಿಂಗ್ ರಾಡ್ ಮುರಿದ ಪಿಸ್ಟನ್ ಎಂಜಿನ್ನಿನಂತೆ ಅದು ತಟ್ಟನೆ ನಿಲ್ಲುವುದು ಅಪರೂಪ. ನರಳುತ್ತ ಸ್ವಲ್ಪ ಹೊತ್ತು ಓಡುತ್ತದೆ. ರೋಟರಿಯ ಅಭಿಮಾನಿಗಳು ಹೆಮ್ಮೆಯಿಂದ ಹೇಳಿಕೊಳ್ಳುವ ಗುಣ ಅದು.

ನೀರಿನಷ್ಟೇ ಮುಖ್ಯ ಆಯಿಲ್. ಮಜ್ದಾದಲ್ಲಿ ರೋಟರಿನ ಹೊಟ್ಟೆಯೊಳಗೆ ಆಯಿಲ್ ಚಿಮ್ಮಿಸಿ ತಣಿಸುತ್ತಾರೆ. ಹಾಗಾಗಿ ತಂಪು ಮಾಡಬೇಕಾದ ಬಿಸಿಯಲ್ಲಿ ಸುಮಾರು ಮೂರನೇ ಒಂದು ಪಾಲು ಆಯಿಲಿನ ತಲೆಗೆ ಬರುತ್ತದೆ. ಕಾರಿನಿಂದ ಕಳಚಿದ ಎಂಜಿನ್ನಿಗೆ ಹೆಸರಿಗೊಂದು ಆಯಿಲ್ ಕೂಲರ್ ಕಟ್ಟಿ, ಮೊದಲ ಏರಿನಲ್ಲೇ ಮುಳ್ಳು ಕೆಂಪಿಗೆ ಹೋಗುವುದು ಹೊಸಬರಲ್ಲಿ ಕಾಣುವ ತಪ್ಪು. ಬ್ರಿಟನ್ನಿನ ನಾರ್ಟನ್ ಪರಂಪರೆಯ ಸಣ್ಣ ರೋಟರಿಗಳು ಇನ್ನೊಂದು ದಾರಿ ಹಿಡಿದವು: ರೋಟರಿನ ಒಳಗಿಂದ ಗಾಳಿಯನ್ನೇ ಹಾಯಿಸುವುದು. ಜರ್ಮನಿಯ ಶ್ಲೈಶರ್ ಕಂಪನಿಯ ಎಎಸ್‌ಎಚ್-26ಇ ಎಂಬ, ತನ್ನ ಎಂಜಿನ್ನಿನಿಂದಲೇ ಮೇಲೇರುವ ಗ್ಲೈಡರಿನಲ್ಲಿ ಹೊರಗಿನ ಕೋಣೆಗೆ ನೀರು, ಒಳಗಿನ ರೋಟರಿಗೆ ಗಾಳಿ. ತೂಕ ಉಳಿಯುತ್ತದೆ, ಪೈಪು ಉಳಿಯುತ್ತದೆ. ಆದರೆ ದೊಡ್ಡ ಶಕ್ತಿಗೆ ಅದು ಸಾಲದು. ಮೂಲೆಯ ಸೀಲುಗಳಿಗೆ ಜಿಡ್ಡು ಬೇಕೆಂದು ವಿಮಾನ ಕಟ್ಟುವ ಹಲವರು ಪೆಟ್ರೋಲಿಗೇ ಸ್ವಲ್ಪ ಟು-ಸ್ಟ್ರೋಕ್ ಆಯಿಲ್ ಬೆರೆಸುತ್ತಾರೆ. ಹಳೆಯ ಬಜಾಜ್ ಆಟೋದವರಿಗೆ ಇದರಲ್ಲಿ ಹೊಸದೇನೂ ಕಾಣದು. ಅವರು ‘ಟೂಟಿ’ ಎಂದು ಕೇಳಿ ಹಾಕಿಸುತ್ತಿದ್ದದ್ದು ಅದನ್ನೇ.

ಲೆಕ್ಕಕ್ಕೆ ಬರೋಣ. 13ಬಿ ನಿಮಿಷಕ್ಕೆ 6000 ಸುತ್ತಿನಲ್ಲಿ 160 ಅಶ್ವಶಕ್ತಿ, ಅಂದರೆ ಸುಮಾರು 120 ಕಿಲೋವ್ಯಾಟ್ ಕೊಡುತ್ತದೆ ಎಂದಿಟ್ಟುಕೊಳ್ಳಬಹುದು. ನೀರು ಮತ್ತು ಆಯಿಲ್ ಸೇರಿ ಗಾಳಿಗೆ ಕೊಡಬೇಕಾದ ಬಿಸಿ 70 ಕಿಲೋವ್ಯಾಟ್ ಎಂದು ಹಿಡಿದರೆ, ಬಚ್ಚಲಿನ 2 ಕಿಲೋವ್ಯಾಟಿನ ಗೀಸರುಗಳು 35 ಒಟ್ಟಿಗೆ ಉರಿದಂತೆ. ರೇಡಿಯೇಟರಿನಲ್ಲಿ ಹಾಯುವ ಗಾಳಿ 50 ಡಿಗ್ರಿಯಷ್ಟು ಬಿಸಿಯಾಗಿ ಹೊರಬೀಳುವುದಾದರೆ ಸೆಕೆಂಡಿಗೆ 1.4 ಕಿಲೋ ಗಾಳಿ ಬೇಕು. ಗಾತ್ರದಲ್ಲಿ ಅದು 1.2 ಘನ ಮೀಟರು. ಮಾಡಿನ ಮೇಲಿನ 1000 ಲೀಟರಿನ ನೀರಿನ ಟ್ಯಾಂಕಿಗಿಂತ ಹೆಚ್ಚು ಗಾಳಿ, ಪ್ರತಿ ಸೆಕೆಂಡಿಗೆ, ಒಂದು ಸಣ್ಣ ಮೂತಿಯೊಳಗೆ ನುಗ್ಗಿ ಹೊರಬರಬೇಕು.

ಏರುವಾಗಿನ ವೇಗ ಗಂಟೆಗೆ 130 ಕಿಲೋಮೀಟರು, ಸೆಕೆಂಡಿಗೆ 36 ಮೀಟರು. ಆ ವೇಗದಲ್ಲಿ ಅಷ್ಟು ಗಾಳಿ ಹಿಡಿಯಲು ಒಟ್ಟು 340 ಚದರ ಸೆಂಟಿಮೀಟರು ಬಾಯಿ ಸಾಕು. ಅಂದರೆ ಅಡಿಕೆ ಹಾಳೆಯ ಎರಡು ಬಟ್ಟಲುಗಳಷ್ಟು. ಇಷ್ಟೇನಾ ಎಂದು ಆಶ್ಚರ್ಯವಾಗಬಹುದು. ಹೊಸಬರು ಅನುಮಾನಪಟ್ಟು ಬಾಯಿಯನ್ನು ಇನ್ನೂ ಅಗಲ ಕೊರೆಯುತ್ತಾರೆ. ಎಂಜಿನ್ ಆಗಲೂ ಕಾಯುತ್ತದೆ, ಜೊತೆಗೆ ವಿಮಾನ ನಿಧಾನವಾಗುತ್ತದೆ. ಏಕೆಂದರೆ ತೊಡಕು ಬಾಯಿಯಲ್ಲಿ ಇರುವುದಿಲ್ಲ, ಗಂಟಲಿನಲ್ಲಿ ಇರುತ್ತದೆ.

ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನಿಗೆ ಒಂದು ಪ್ಲಾಸ್ಟಿಕ್ ಕವಚ ಇರುತ್ತದೆ. ರಿಪೇರಿ ಮಾಡುವಾಗ ಬಿಚ್ಚಿಟ್ಟು, ಗಾಳಿ ಚೆನ್ನಾಗಿ ಆಡಲಿ ಎಂದು ಹಾಗೇ ಓಡಿಸಿ ಪಿಸ್ಟನ್ ಜಾಮ್ ಮಾಡಿಕೊಂಡ ಕೃಷಿಕರು ಊರಿಗೊಬ್ಬರಾದರೂ ಸಿಗುತ್ತಾರೆ. ಕವಚ ಇರುವುದು ಅಂದಕ್ಕಲ್ಲ, ಫ್ಯಾನಿನ ಗಾಳಿಯನ್ನು ಸಿಲಿಂಡರಿನ ಮೈಮೇಲಿನ ರೆಕ್ಕೆಗಳ ಸಂದಿಯಲ್ಲೇ ಹೋಗುವಂತೆ ಕಟ್ಟಿಹಾಕುವುದಕ್ಕೆ. ಗಾಳಿ ಸೋಮಾರಿ. ರೇಡಿಯೇಟರಿನ ಇಕ್ಕಟ್ಟಾದ ಸಂದಿಯಲ್ಲಿ ಹೋಗು ಎಂದರೆ ಪಕ್ಕದ ಬಿರುಕು ಹುಡುಕುತ್ತದೆ. ಒಂದು ಬೆರಳಗಲದ ಸಂದಿ ಬಿಟ್ಟರೂ ಅಲ್ಲೇ ನುಸುಳಿ ಹೋಗುತ್ತದೆ.

ಚಿಕ್ಕ ಬಾಯಿಂದ ಬಂದ ವೇಗದ ಗಾಳಿ ರೇಡಿಯೇಟರಿನ ಅಗಲ ಮೈಗೆ ಹರಡುವ ಮೊದಲು ನಿಧಾನವಾಗಬೇಕು. ನಿಧಾನವಾದಾಗ ಅದರ ಒತ್ತಡ ಏರುತ್ತದೆ. ಆ ಒತ್ತಡವೇ ಅದನ್ನು ಸಂದಿಗಳಲ್ಲಿ ತಳ್ಳುವ ಕೈ. ಕಾಲುವೆಯ ಗೋಡೆಗಳನ್ನು ಒಮ್ಮೆಲೇ ಅಗಲಿಸಿದರೆ ಗಾಳಿ ಗೋಡೆ ಬಿಟ್ಟು ನಡುವಿನಲ್ಲಿ ಸುಳಿಯಾಗಿ ನಿಲ್ಲುತ್ತದೆ. ನಿಧಾನವಾಗಿ ಅಗಲಿಸಲು ಉದ್ದ ಬೇಕು, ವಿಮಾನದ ಮೂತಿಯಲ್ಲಿ ಅಷ್ಟು ಉದ್ದ ಇರುವುದಿಲ್ಲ. ಡೀಟ್ರಿಶ್ ಕ್ಯೂಶೆಮನ್ ಮತ್ತು ಯೊಹಾನ್ನಾ ವೇಬರ್ 1953ರ ತಮ್ಮ ಗ್ರಂಥದಲ್ಲಿ ತೋರಿಸಿದ ಆಕಾರವನ್ನು ರೋಟರಿಯವರು ಇಂದಿಗೂ ಫೈಬರಿನಲ್ಲಿ ಅಚ್ಚು ತೆಗೆಯುತ್ತಾರೆ: ಬಹುದೂರ ಸಪೂರವಾಗಿಯೇ ಬಂದು ರೇಡಿಯೇಟರಿನ ಹತ್ತಿರ ಕೊಂಬಿನ ಬಾಯಿಯಂತೆ ಅರಳುವ ಕಾಲುವೆ. ಅಲ್ಲಿ ರೇಡಿಯೇಟರಿನ ತಡೆಯೇ ಗಾಳಿಯನ್ನು ಸಮನಾಗಿ ಹರಡಿಕೊಡುತ್ತದೆ.

ಇನ್ನು ಹೊರದಾರಿ. ಹೊಗೆಗೂಡು ಕಟ್ಟಿಕೊಂಡರೆ ಬಚ್ಚಲ ಒಲೆ ಉರಿಯದು, ಬಾಯಿಗೆ ಎಷ್ಟೇ ಊದಿದರೂ. ಬಿಸಿಯಾದ ಗಾಳಿ ಹಿಗ್ಗಿರುತ್ತದೆ, ಹೊರಹೋಗಲು ಬಾಯಿಗಿಂತ ಹೆಚ್ಚು ಜಾಗ ಕೇಳುತ್ತದೆ. ಏರುವಾಗ ತೆರೆದು, ಸಮತಟ್ಟಾಗಿ ಹಾರುವಾಗ ಮುಚ್ಚುವ ಬಾಗಿಲನ್ನು ಹಿಂದೆ ಇಡುವುದು ತೂಕ ಮತ್ತು ತಲೆನೋವು ಎರಡನ್ನೂ ಹೆಚ್ಚಿಸುತ್ತದೆ ಎಂದು ಕೆಲವರು ಬಿಡುತ್ತಾರೆ. ಘಾಟಿಯ ಲೆಕ್ಕ ಬಲ್ಲವರು ಬಿಡಬಾರದು. 1930ರ ದಶಕದಲ್ಲಿ ಬ್ರಿಟನ್ನಿನ ಎಫ್. ಡಬ್ಲ್ಯು. ಮೆರೆಡಿತ್, ಬಿಸಿಯಾದ ಗಾಳಿಯನ್ನು ಸರಿಯಾದ ಮೂತಿಯಿಂದ ಹಿಂದಕ್ಕೆ ಬಿಟ್ಟರೆ ರೇಡಿಯೇಟರು ವಿಮಾನವನ್ನು ಹಿಂದಕ್ಕೆ ಎಳೆಯುವ ಬಲವನ್ನು ಅದೇ ಬಹುಮಟ್ಟಿಗೆ ತುಂಬಿಕೊಡುತ್ತದೆ ಎಂದು ತೋರಿಸಿದರು. ಮಸ್ಟಾಂಗ್ ಯುದ್ಧವಿಮಾನದ ಹೊಟ್ಟೆಯ ರೇಡಿಯೇಟರು ಆ ತತ್ವದ ಪ್ರಸಿದ್ಧ ಫಲ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಅದರ ನೆರಳು ಸಿಕ್ಕರೂ ಲಾಭವೇ.

ಅಮೆರಿಕದ ಲೆಕ್ಕವನ್ನು ಕರಾವಳಿಗೆ ಹಾಗೇ ತರುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಪುಸ್ತಕದ ಲೆಕ್ಕಗಳು 15 ಡಿಗ್ರಿಯ ಗಾಳಿಗೆ. ಕೂಲಂಟ್ 95 ಡಿಗ್ರಿ ಇದ್ದರೆ ನಡುವಿನ ಅಂತರ 80. ಏಪ್ರಿಲಿನ ಬಂಟ್ವಾಳದಲ್ಲಿ 36 ಡಿಗ್ರಿ ಎಂದರೆ ಅಂತರ 59ಕ್ಕೆ ಇಳಿಯಿತು. ಅದೇ ರೇಡಿಯೇಟರು ಕಾಲು ಭಾಗ ಸೋಮಾರಿಯಾಯಿತು.

ಪ್ರೊಪೆಲರಿನ ಕಡೆಗೆ ತಿರುಗಿದರೆ ಮೊದಲು ಎದುರಾಗುವುದು ಸದ್ದಿನ ವೇಗ. 1.73 ಮೀಟರು ಅಗಲದ ಪ್ರೊಪೆಲರನ್ನು 13ಬಿ ಶಾಫ್ಟಿಗೇ ನೇರ ಕಟ್ಟಿ 6000 ಸುತ್ತು ಓಡಿಸಿದರೆ ಅಲಗಿನ ತುದಿ ಸೆಕೆಂಡಿಗೆ 543 ಮೀಟರು ವೇಗದಲ್ಲಿ ಓಡುತ್ತದೆ. 35 ಡಿಗ್ರಿಯ ಗಾಳಿಯಲ್ಲಿ ಸದ್ದಿನ ವೇಗವೇ 352 ಮೀಟರು. ಅಲಗು ಮೋಟು ಮಾಡಿ 1.1 ಮೀಟರಿಗೆ ಇಳಿಸಿದರೂ ತುದಿ 345ರಲ್ಲಿರುತ್ತದೆ. ಕಿವಿ ಹರಿಯುವ ಕಿರುಚಾಟ ಸಿಗುತ್ತದೆ, ಎಳೆತ ಸಿಗುವುದಿಲ್ಲ. ಅದೂ ಅಲ್ಲದೆ, ಹೆಚ್ಚು ಗಾಳಿಯನ್ನು ಮೆಲ್ಲನೆ ತಳ್ಳುವುದರಲ್ಲಿ ಇರುವ ಲಾಭ ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳುವುದರಲ್ಲಿ ಇಲ್ಲ. ಭತ್ತ ಗಾಳಿಸಲು ಗೆರಸೆ ಬೀಸುತ್ತಾರೆಯೇ ಹೊರತು ಯಾರೂ ಊದುಗೊಳವೆ ಹಿಡಿಯುವುದಿಲ್ಲ.

ಆದ್ದರಿಂದ ನಡುವೆ ಗೇರ್‌ಬಾಕ್ಸ್ ಬೇಕೇ ಬೇಕು. ಫ್ಲೋರಿಡಾದ ಟ್ರೇಸಿ ಕ್ರೂಕ್ ತಮ್ಮ ಆರ್‌ವಿ-4 ವಿಮಾನದ 13ಬಿ ಎಂಜಿನ್ನಿಗಾಗಿ ಫೋರ್ಡ್ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಗ್ರಹಚಕ್ರ ಗೇರುಗಳನ್ನು ತೆಗೆದು ಗೇರ್‌ಬಾಕ್ಸ್ ಕಟ್ಟಿದರು. ಬಳಿಕ ಅದನ್ನು ಇತರರಿಗೂ ಮಾಡಿಕೊಟ್ಟರು. ಮೊದಲನೆಯದು 2.17ಕ್ಕೆ ಒಂದು, ಮುಂದಿನದು 2.85ಕ್ಕೆ ಒಂದು. ಮೊದಲನೆಯದರಲ್ಲಿ 6000 ಸುತ್ತಿನ ಎಂಜಿನ್ ಪ್ರೊಪೆಲರಿಗೆ ಕೊಡುವುದು 2765 ಸುತ್ತು. ತುದಿಯ ವೇಗ 250 ಮೀಟರಿಗೆ ಇಳಿಯಿತು. ತಿರುಚುವ ಬಲದ ಲೆಕ್ಕ ಇನ್ನೂ ಸೊಗಸು: ಎಂಜಿನ್ ಶಾಫ್ಟಿನಲ್ಲಿ ಬರೀ 190 ನ್ಯೂಟನ್ ಮೀಟರು ಇದ್ದದ್ದು ಗೇರು ದಾಟಿದ ಮೇಲೆ 412 ಆಗುತ್ತದೆ. ಸಣ್ಣ ವಿಮಾನಗಳ ಹಳೆಯ ದುಡಿಮೆಗಾರ, 160 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, 2700 ಸುತ್ತಿನಲ್ಲಿ ಕೊಡುವುದು 422. ಗೇರು ಹಾಕಿದ ರೋಟರಿ ಕಡೆಗೂ ಲೈಕಮಿಂಗ್ ಆಗುವುದಕ್ಕೇ ಹೆಣಗುತ್ತದೆ ಎಂದು ಕುಹಕಿಗಳು ನಗಬಹುದು. ನಕ್ಕರೆ ತಪ್ಪಿಲ್ಲ.

2.85ರ ಗೇರಿನ ಸ್ವಾರಸ್ಯ ಬೇರೆ. ಎಂಜಿನ್ನನ್ನು 7500ರವರೆಗೆ ಕುಣಿಯಲು ಬಿಟ್ಟರೂ ಪ್ರೊಪೆಲರು 2632ಕ್ಕೆ ನಿಲ್ಲುತ್ತದೆ. ಆಗ 1.88 ಮೀಟರಿನ ದೊಡ್ಡ ಅಲಗು ಕಟ್ಟಿದರೂ ತುದಿ 259 ಮೀಟರಿನಲ್ಲಿ ಶಾಂತವಾಗಿರುತ್ತದೆ. ರೋಟರಿ ಹೆಚ್ಚು ಸುತ್ತಿನಲ್ಲೇ ಖುಷಿಯಾಗಿರುವ ಎಂಜಿನ್. ಅದರ ಸ್ವಭಾವಕ್ಕೆ ಒಪ್ಪುವ ಗೇರು ಇದೇ. ಎನ್‌ಎಎಲ್‌ನ ಹಂಸ ವಿಮಾನ ರೋಟರಿ ಅಲ್ಲದಿದ್ದರೂ ಇದೇ ಮಾತಿಗೆ ಸಾಕ್ಷಿ. 2021ರ ಸೆಪ್ಟೆಂಬರ್ 3ರಂದು ಹಾರಿದ ಹಂಸ-ಎನ್‌ಜಿ ವಿಮಾನದ ರೋಟ್ಯಾಕ್ಸ್ ಎಂಜಿನ್ 5800 ಸುತ್ತು ಓಡಿ, 2.43ರ ಗೇರು ದಾಟಿ, ಪ್ರೊಪೆಲರಿಗೆ ಸುಮಾರು 2390 ಸುತ್ತು ಕೊಡುತ್ತದೆ. ಅದರ ಸಿಲಿಂಡರ್ ಹೆಡ್ಡುಗಳಿಗೆ ನೀರು, ಸಿಲಿಂಡರಿನ ಮೈಗೆ ಗಾಳಿ. ಕಾರ್ಖಾನೆಯವರು ಗೇರು ಮತ್ತು ತಂಪು ಎರಡನ್ನೂ ಒಂದೇ ಮೇಜಿನ ಮೇಲೆ ಕೂತು ತೀರ್ಮಾನಿಸಿದ್ದಾರೆ ಎಂಬುದಕ್ಕೆ ಬೇರೆ ಪುರಾವೆ ಬೇಡ.

ತೆಂಗಿನ ಗರಿಯ ಗಿರಗಿಟ್ಲೆ ಮಾಡಿ ಗದ್ದೆಯ ಬದುವಿನಲ್ಲಿ ಓಡಿದ ಮಕ್ಕಳಿಗೆ ಪಿಚ್, ಅಂದರೆ ಅಲಗಿನ ಓರೆ, ಏನೆಂದು ಹೇಳಿಕೊಡಬೇಕಾಗಿಲ್ಲ. ಗರಿಯನ್ನು ಹೆಚ್ಚು ತಿರುಚಿದರೆ ನಿಧಾನ ತಿರುಗುತ್ತದೆ, ಕಡಿಮೆ ತಿರುಚಿದರೆ ಜೋರು. ವಿಮಾನ ಸೆಕೆಂಡಿಗೆ 72 ಮೀಟರು ವೇಗದಲ್ಲಿ ಹಾರುವಾಗ 2765 ಸುತ್ತಿನ ಪ್ರೊಪೆಲರು ಸುತ್ತಿಗೆ 1.56 ಮೀಟರು ಮುಂದೆ ಸಾಗುತ್ತದೆ. 36 ಮೀಟರು ವೇಗದಲ್ಲಿ ಏರುವಾಗ ಸುತ್ತಿಗೆ ಬರೀ 78 ಸೆಂಟಿಮೀಟರು. ಅಲಗಿನ ಕೋನ ಮಾತ್ರ, ಒಂದೇ ಮರದ ಹಲಗೆಯಲ್ಲಿ ಕೆತ್ತಿದ್ದಾದರೆ, ಒಂದೇ. ಯಾವುದಕ್ಕೆ ಹೊಂದಿಸುವುದು?

ರೇಡಿಯೇಟರೂ ಪ್ರೊಪೆಲರೂ ಒಂದೇ ಲೆಕ್ಕದೊಳಗೆ ಬಂದು ಸೇರುವುದು ಈ ಪ್ರಶ್ನೆಯಲ್ಲಿ. ವೇಗದ ಹಾರಾಟಕ್ಕೆ ಹೊಂದುವ ಕಡಿದಾದ ಅಲಗು ಹಾಕಿದರೆ ಟೇಕಾಫಿನಲ್ಲಿ ಅದು ಎಂಜಿನ್ನಿನ ಕುತ್ತಿಗೆ ಹಿಡಿಯುತ್ತದೆ. ಟಾಪ್ ಗೇರಿನಲ್ಲಿ ಘಾಟಿ ಹತ್ತಿದ ಹಾಗೆ. 6000 ಓಡಬೇಕಾದ್ದು 4800ಕ್ಕೆ ನಿಂತರೆ ಶಕ್ತಿ ಕಡಿಮೆ, ಬಿಸಿಯೂ ಕಡಿಮೆ. ರನ್‌ವೇ ಉದ್ದ ಬೇಕು, ಆಚೆಯ ತೆಂಗಿನ ತೋಟ ದಾಟುವಷ್ಟರಲ್ಲಿ ಜೀವ ಬಾಯಿಗೆ ಬರುತ್ತದೆ. ಏರಿಗೆ ಹೊಂದುವ ಚಪ್ಪಟೆ ಅಲಗು ಹಾಕಿದರೆ ಎಂಜಿನ್ ಸಲೀಸಾಗಿ 6000 ಮುಟ್ಟುತ್ತದೆ, ವಿಮಾನ ನೆಗೆದು ಮೇಲೇರುತ್ತದೆ. ಆದರೆ ಆ 70 ಕಿಲೋವ್ಯಾಟ್ ಬಿಸಿ ಪೂರ್ತಿಯಾಗಿ ಬರುವುದೂ ಆಗಲೇ, ಗಾಳಿ ಅತಿ ಕಡಿಮೆ ಇರುವಾಗ. ಅಂದರೆ ಅಲಗಿನ ಕೋನ ಆರಿಸಿದವನು ತನಗರಿವಿಲ್ಲದೆ ರೇಡಿಯೇಟರಿನ ಅಳತೆಯನ್ನೂ ಆರಿಸಿರುತ್ತಾನೆ. ಪ್ರೊಪೆಲರು ಬದಲಾಯಿಸಿದ ಮೇಲೆ ಇದ್ದಕ್ಕಿದ್ದಂತೆ ಎಂಜಿನ್ ಕಾಯತೊಡಗಿತು ಎಂದು ಥರ್ಮೋಸ್ಟಾಟನ್ನು ಬೈಯುವವರು ಬೈಯಬೇಕಾದದ್ದು ಅದನ್ನಲ್ಲ.

ಹಾರುತ್ತಲೇ ಕೋನ ಬದಲಿಸುವ ಪ್ರೊಪೆಲರು ಈ ಕಗ್ಗಂಟನ್ನು ಸಡಿಲಿಸುತ್ತದೆ. ದುಡ್ಡು ಕೇಳುತ್ತದೆ, ತೂಕ ಕೇಳುತ್ತದೆ. ನೆಲದ ಮೇಲೆ ಬೋಲ್ಟು ಸಡಿಲಿಸಿ ಕೋನ ಬದಲಿಸಬಹುದಾದ ಕಾರ್ಬನ್ ಅಲಗು ಮಧ್ಯಮ ಮಾರ್ಗ. ಮೊದಲ ಸಲ ಕಟ್ಟುವವರಿಗೆ ಅದೇ ಲೇಸು ಎಂಬುದು ಈ ಉಪನ್ಯಾಸಕಾರನ ಮತ. ತಪ್ಪು ಲೆಕ್ಕವನ್ನು ಸ್ಪ್ಯಾನರಿನಿಂದ ತಿದ್ದಬಹುದು. ಲೋಹದ ಅಲಗಿನ ಬಗ್ಗೆ ಎಚ್ಚರ ಬೇಕು. ಗೇರು, ಶಾಫ್ಟು, ಅಲಗು ಮೂರೂ ಸೇರಿ ತಮ್ಮದೇ ಒಂದು ತಿರುಚು-ನಡುಕದಲ್ಲಿ ಹಾಡತೊಡಗಿದರೆ ಲೋಹ ದಣಿದು ಬಿರುಕು ಬಿಡುತ್ತದೆ. ಮರ ಆ ನಡುಕವನ್ನು ನುಂಗಿಕೊಳ್ಳುತ್ತದೆ. ಬರ್ಟ್ ರೂಟನ್ ಅವರ ಲಾಂಗ್-ಈಝಿ ವಿಮಾನದಲ್ಲಿ ಹಿಂದಿನಿಂದ ತಳ್ಳುವ ಪ್ರೊಪೆಲರು ರೆಕ್ಕೆಯ ಕಲಕಿದ ಗಾಳಿಯನ್ನು ಸುತ್ತುಸುತ್ತಿಗೂ ಕಡಿಯಬೇಕಾದ್ದರಿಂದ ಅಲ್ಲಿ ಮರದ ಅಲಗಿಗೇ ಮಣೆ. ಅದೇ ವಿನ್ಯಾಸವನ್ನು ಆಧರಿಸಿದ ಸಂಶೋಧನಾ ವಿಮಾನವೊಂದನ್ನು ಎನ್‌ಎಎಲ್ 1987ರಲ್ಲಿ ಬೆಂಗಳೂರಿನಲ್ಲಿ ಹಾರಿಸಿತ್ತು.

ಮುಂದೆ ಪ್ರೊಪೆಲರು ಇರುವ ವಿಮಾನದಲ್ಲೂ ಒಂದು ಸೂಕ್ಷ್ಮವಿದೆ. ಅಲಗಿನ ಬುಡ ಗುಂಡಗಿನ ಗೂಟದಂತೆ ಇರುತ್ತದೆ, ಅದು ಗಾಳಿ ತಳ್ಳುವುದಿಲ್ಲ, ಕಲಕುತ್ತದೆ. ಅಂದಕ್ಕೆಂದು ಗಾಳಿಯ ಬಾಯಿಗಳನ್ನು ಬುಡಕ್ಕೆ ಅಂಟಿಸಿದಂತೆ ಕೊರೆದರೆ ಸಿಗುವುದು ಆ ಕಲಕು ಗಾಳಿ. ಒಂದು ಗೇಣು ಹೊರಗೆ ಸರಿಸಿದರೆ ಅಲಗು ನಿಜವಾಗಿ ದುಡಿಯುವ ಭಾಗದ ಗಾಳಿ ಸಿಗುತ್ತದೆ. ನೆಲದ ಮೇಲೆ ಸರದಿಗೆ ಕಾಯುವಾಗಲೂ ಎಂಜಿನ್ ತಣ್ಣಗಿರುತ್ತದೆ.

ನಮ್ಮ ದೇಶದಲ್ಲಿ ಇಂಥ ಹುಚ್ಚು ಹತ್ತಿಸಿಕೊಂಡವರು ಇಲ್ಲದಿಲ್ಲ. ಮುಂಬೈಯ ಅಮೋಲ್ ಯಾದವ್ ಮನೆಯ ಟೆರೇಸಿನ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. ಅದಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ. ಕೇರಳದ ಇಡುಕ್ಕಿಯ ಸಜಿ ಥಾಮಸ್ ಕಿವಿ ಕೇಳದೆ, ಮಾತು ಬಾರದೆ ಪುಟ್ಟ ವಿಮಾನ ಕಟ್ಟಿ ಹಾರಿಸಿದರು. ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನೋಂದಣಿ ಮತ್ತು ಹಾರಾಟದ ಅನುಮತಿ ಇಲ್ಲದೆ ಗದ್ದೆಯಿಂದ ಮೇಲೇಳುವಂತಿಲ್ಲ ಎಂಬುದು ಬೇರೆ ಮಾತು, ಸಣ್ಣ ಮಾತೂ ಅಲ್ಲ. ಆದರೆ ಗಾಳಿಯ ಪರೀಕ್ಷೆಗೆ ಹಾರಬೇಕೆಂದಿಲ್ಲ. ವಿಮಾನದ ಬಾಲವನ್ನು ಗಟ್ಟಿಯಾದ ಕಂಬಕ್ಕೆ ಕಟ್ಟಿ ಎಂಜಿನ್ ಓಡಿಸಿಯೇ ಬಹಳಷ್ಟು ಕಲಿಯಬಹುದು.

ಬೇಕಾದ ಉಪಕರಣ ಗಾರೆ ಮೇಸ್ತ್ರಿಯ ಬಳಿ ಇದೆ. ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು. ಅದನ್ನು ಯು ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ಹಾಕಿ, ಒಂದು ತುದಿಯನ್ನು ರೇಡಿಯೇಟರಿನ ಮುಂದೆ, ಇನ್ನೊಂದನ್ನು ಹಿಂದೆ ಕಟ್ಟಿದರಾಯಿತು. ಗಂಟೆಗೆ 130 ಕಿಲೋಮೀಟರು ವೇಗದ ಗಾಳಿ ಪೂರ್ತಿ ನಿಂತು ಒತ್ತಿದರೆ ಸಿಗುವುದು 81 ಮಿಲಿಮೀಟರು ನೀರಿನ ಎತ್ತರ. ವೇಗ ಇಮ್ಮಡಿಯಾದರೆ 324, ನಾಲ್ಕು ಪಟ್ಟು. ಏರುವಾಗ ಕೈಯಲ್ಲಿರುವ ಬಂಡವಾಳ ಆ 81 ಮಿಲಿಮೀಟರು ಮಾತ್ರ, ಜೊತೆಗೆ ಪ್ರೊಪೆಲರು ಸೇರಿಸಿಕೊಟ್ಟಷ್ಟು. ಎಂಜಿನ್ ಪೂರ್ತಿ ಓಡುವಾಗ ಪೈಪಿನ ಎರಡು ಮಟ್ಟಗಳ ನಡುವೆ ನಾಲ್ಕು ಬೆರಳು ಅಂತರ ಕಂಡರೆ ಕಾಲುವೆ ಕೆಲಸ ಮಾಡುತ್ತಿದೆ ಎಂದರ್ಥ. ಒಂದೇ ಬೆರಳು ಕಂಡರೆ ಮೂತಿಯ ಹೊದಿಕೆ ಬಿಚ್ಚಿ, ಗಾಳಿ ಎಲ್ಲಿ ನುಸುಳುತ್ತಿದೆ ಎಂದು ಟಾರ್ಚು ಹಾಕಿ ಹುಡುಕಬೇಕು.